ನೀರಿನ ಲೆಕ್ಕ ಮೊದಲು, ನಾಟಿ ಆಮೇಲೆ



ಅಡುಗೆಗೆ ಇಳಿಯುವ ಮುಂಚೆ ನಾವು ಒಂದು ಲೆಕ್ಕ ಹಾಕುತ್ತೇವೆ. ಊಟಕ್ಕೆ ಎಷ್ಟು ಜನ? ಡಬ್ಬದಲ್ಲಿ ಎಷ್ಟು ಹಿಟ್ಟಿದೆ? ಐದು ಜನರ ಹಿಟ್ಟು ಇಟ್ಟುಕೊಂಡು ಹತ್ತು ಜನರನ್ನು ಊಟಕ್ಕೆ ಕರೆಯುವುದಿಲ್ಲ. ಕರೆದರೆ ಎಲ್ಲರೂ ಅರೆಹೊಟ್ಟೆ.

ತರಕಾರಿ ತೋಟದಲ್ಲೂ ಇದೇ ಮಾತು. ಗಿಡಗಳು ಊಟಕ್ಕೆ ಕುಳಿತವರು. ನೀರೇ ಅವುಗಳ ಹಿಟ್ಟು. ಆದರೆ ತೋಟದಲ್ಲಿ ನಾವು ಈ ಲೆಕ್ಕ ಹಾಕುವುದು ಕಡಿಮೆ. "ಬೋರಿನಲ್ಲಿ ನೀರಿದೆ, ಒಂದು ಎಕರೆ ನಾಟಿ ಮಾಡೋಣ" ಎಂದುಬಿಡುತ್ತೇವೆ. ನೀರು ಇದೆ, ನಿಜ. ಎಷ್ಟಿದೆ? ಒಂದು ಗುಂಟೆಗೆ ದಿನಕ್ಕೆ ಎಷ್ಟು ಬೇಕು? ಇದನ್ನು ಕೇಳುವುದಿಲ್ಲ.

ಕೋಲಾರ, ಚಿಕ್ಕಬಳ್ಳಾಪುರದ ಕಡೆ ವರ್ಷವಿಡೀ ಹರಿಯುವ ಹೊಳೆ ಇಲ್ಲ. ಹಿಂದಿನವರು ಕೆರೆ ಮತ್ತು ತೆರೆದ ಬಾವಿ ನಂಬಿ ಬಾಳಿದರು. ಬಾವಿಗಳು ಒಣಗಿದವು. ಬೋರ್‌ವೆಲ್ ಬಂದವು. ಈಗ ಸಾವಿರ ಅಡಿಗಿಂತ ಆಳಕ್ಕೆ ಇಳಿದ ಬೋರುಗಳೂ ಇವೆ. ಹೀಗಿದ್ದರೂ ಕೋಲಾರದ ಟೊಮೆಟೊ ಮಾರುಕಟ್ಟೆ ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. ಅಷ್ಟು ಹಣ್ಣು ಬೆಳೆಯುವುದು ಈ ಬೋರಿನ ನೀರನ್ನೇ ನಂಬಿ.

ತೋಟದಲ್ಲಿ ನಾಟಿ ಮಾಡುವುದು, ಕಳೆ ಕೀಳುವುದು, ನೀರು ಕಟ್ಟುವುದು, ಕಾಯಿ ಕೀಳುವುದು ಹೆಚ್ಚಾಗಿ ನಮ್ಮ ಕೈಯಿಂದಲೇ. ಎಷ್ಟು ನಾಟಿ ಮಾಡಬೇಕು ಎನ್ನುವ ಮಾತು ಬಂದಾಗ ಮಾತ್ರ ನಾವು ಸುಮ್ಮನೆ ಕೂರುತ್ತೇವೆ. ಇನ್ನು ಸುಮ್ಮನಿರಬೇಕಿಲ್ಲ. ನಿಮಗೆ ಈಗ ಅಂಕಿ ಓದಲು ಬರುತ್ತದೆ. ಕೂಡಲು, ಗುಣಿಸಲು, ಭಾಗಿಸಲು ಬರುತ್ತದೆ. ಈ ಪಾಠಕ್ಕೆ ಅಷ್ಟೇ ಸಾಕು. ಒಂದು ಪೆನ್ಸಿಲ್ ಹಿಡಿದುಕೊಂಡು ಓದಿ.

ಗಿಡ ಕುಡಿದ ನೀರು ಎಲ್ಲಿಗೆ ಹೋಗುತ್ತದೆ?

ಗಿಡವೂ ನಮ್ಮ ಹಾಗೆ ಬೆವರುತ್ತದೆ. ನಂಬಿಕೆ ಬಾರದಿದ್ದರೆ ಹೀಗೆ ಮಾಡಿ ನೋಡಿ. ಒಳ್ಳೆಯ ಬಿಸಿಲಿನಲ್ಲಿ ಟೊಮೆಟೊ ಗಿಡದ ಎಲೆ ತುಂಬಿದ ಒಂದು ಕೊಂಬೆಗೆ ಪ್ಲಾಸ್ಟಿಕ್ ಕವರ್ ಹಾಕಿ. ಬಾಯಿಯನ್ನು ದಾರದಿಂದ ಕಟ್ಟಿ. ಒಂದೆರಡು ಗಂಟೆ ಬಿಟ್ಟು ಬಂದು ನೋಡಿ. ಕವರಿನ ಒಳಗೆ ನೀರಿನ ಹನಿಗಳು ಇರುತ್ತವೆ. ಅದು ಎಲೆ ಬೆವರಿದ ನೀರು.

ಬೇರು ಎಳೆದುಕೊಂಡ ನೀರಿನಲ್ಲಿ ಬಹುಪಾಲು ಹೀಗೆ ಎಲೆಯಿಂದ ಗಾಳಿಗೆ ಹೋಗುತ್ತದೆ. ಗಿಡದಲ್ಲಿ ಉಳಿಯುವುದು ಸ್ವಲ್ಪವೇ. ಜೊತೆಗೆ ಗಿಡದ ಸುತ್ತ ಇರುವ ಒದ್ದೆ ಮಣ್ಣೂ ಒಣಗುತ್ತದೆ. ಎಲೆಯ ಬೆವರು, ಮಣ್ಣಿನ ಆವಿ ಎರಡೂ ಸೇರಿದರೆ ಬೆಳೆಗೆ ಬೇಕಾದ ನೀರು.

ಯಾವ ದಿನ ಬಟ್ಟೆ ಬೇಗ ಒಣಗುತ್ತದೆ? ಬಿಸಿಲು ಜೋರಾಗಿದ್ದು, ಗಾಳಿ ಬೀಸುತ್ತಿದ್ದರೆ ಬೇಗ ಒಣಗುತ್ತದೆ. ಮೋಡ ಮುಚ್ಚಿದ ದಿನ ಸಂಜೆಯಾದರೂ ಒಣಗುವುದಿಲ್ಲ. ತೋಟವೂ ಹಾಗೆಯೇ. ಬಟ್ಟೆ ಬೇಗ ಒಣಗುವ ದಿನ ಗಿಡಕ್ಕೆ ಹೆಚ್ಚು ನೀರು ಬೇಕು.

ಗುಂಟೆ ಮತ್ತು ಮಿಲಿಮೀಟರ್

ಹಾಲನ್ನು ಲೀಟರಿನಲ್ಲಿ ಅಳೆಯುತ್ತೇವೆ. ಮಳೆಯನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ರೇಡಿಯೋದಲ್ಲಿ "20 ಮಿಲಿಮೀಟರ್ ಮಳೆಯಾಗಿದೆ" ಎನ್ನುವುದನ್ನು ಕೇಳಿದ್ದೀರಿ.

ಮಕ್ಕಳ ಸ್ಕೇಲ್ ತೆಗೆದುಕೊಳ್ಳಿ. ಅದರಲ್ಲಿ ಸಣ್ಣ ಸಣ್ಣ ಗೆರೆಗಳಿವೆ. ಒಂದು ಸಣ್ಣ ಗೆರೆಯಿಂದ ಇನ್ನೊಂದು ಸಣ್ಣ ಗೆರೆಗೆ 1 ಮಿಲಿಮೀಟರ್. ಹತ್ತು ಸೇರಿದರೆ 1 ಸೆಂಟಿಮೀಟರ್.

ಈಗ ನೆಲಕ್ಕೆ ಬರೋಣ. 1 ಮೀಟರ್ ಉದ್ದ, 1 ಮೀಟರ್ ಅಗಲದ ಒಂದು ಪಾತಿ ಮಾಡಿ. ಅದಕ್ಕೆ 1 ಲೀಟರ್ ನೀರು ಸಮನಾಗಿ ಹರಡಿದರೆ ನೀರಿನ ಎತ್ತರ ಸರಿಯಾಗಿ 1 ಮಿಲಿಮೀಟರ್.

ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ. ಅದರಲ್ಲಿ ಇಂಥ ಪಾತಿಗಳು ಸುಮಾರು 100 ಹಿಡಿಸುತ್ತವೆ. ಆದ್ದರಿಂದ,

1 ಗುಂಟೆಗೆ 1 ಮಿಲಿಮೀಟರ್ ನೀರು ಎಂದರೆ ಸುಮಾರು 100 ಲೀಟರ್.

ಈ ಒಂದು ಸಾಲನ್ನು ಬಾಯಿಪಾಠ ಮಾಡಿ. ಮುಂದಿನ ಲೆಕ್ಕವೆಲ್ಲ ಇದರ ಮೇಲೆ ನಿಂತಿದೆ.

ಬಿಸಿಲಿನ ಪಾಲು

ಹವಾಮಾನ ಅಳೆಯುವ ಕೇಂದ್ರಗಳಲ್ಲಿ ಬಯಲಿನಲ್ಲಿ ಒಂದು ದುಂಡನೆಯ ತೊಟ್ಟಿ ಇಟ್ಟಿರುತ್ತಾರೆ. ಅದರ ಅಗಲ ಸುಮಾರು 4 ಅಡಿ. ಆಳ 10 ಅಂಗುಲ. ಅದರಲ್ಲಿ ನೀರು ತುಂಬಿರುತ್ತಾರೆ. ದಿನವೂ ಬೆಳಿಗ್ಗೆ ನೀರು ಎಷ್ಟು ಇಳಿದಿದೆ ಎಂದು ಅಳೆಯುತ್ತಾರೆ. ತೊಟ್ಟಿಯ ನೀರು ಹಸಿರು ನೆಲದ ನೀರಿಗಿಂತ ಬೇಗ ಆರುತ್ತದೆ. ಆದ್ದರಿಂದ ತೊಟ್ಟಿಯಲ್ಲಿ 8 ಮಿಲಿಮೀಟರ್ ಇಳಿದರೆ ನೆಲದಲ್ಲಿ ಸುಮಾರು 6 ಎಂದು ಹಿಡಿಯುತ್ತಾರೆ.

ನಮ್ಮ ಬಯಲುಸೀಮೆಗೆ ಒಂದು ಸುಲಭದ ಲೆಕ್ಕ ಇಟ್ಟುಕೊಳ್ಳೋಣ.

ಚಳಿಗಾಲದಲ್ಲಿ ಬಿಸಿಲಿನ ಪಾಲು ದಿನಕ್ಕೆ ಸುಮಾರು 4 ಮಿಲಿಮೀಟರ್. ಗುಂಟೆಗೆ 400 ಲೀಟರ್.
ಕಡು ಬೇಸಿಗೆಯಲ್ಲಿ ದಿನಕ್ಕೆ ಸುಮಾರು 6 ಮಿಲಿಮೀಟರ್. ಗುಂಟೆಗೆ 600 ಲೀಟರ್.

ನೆಲದ ತುಂಬ ಹಸಿರು ಹುಲ್ಲು ಇದ್ದರೆ ಒಂದು ದಿನದಲ್ಲಿ ಇಷ್ಟು ನೀರು ಗಾಳಿಗೆ ಹೋಗುತ್ತದೆ. ಇದು ಅಂದಾಜು. ಮೋಡದ ದಿನ ಕಡಿಮೆ, ಬಿಸಿಗಾಳಿಯ ದಿನ ಹೆಚ್ಚು.

ಗಿಡದ ವಯಸ್ಸು

ಕೂಸಿಗೂ ದುಡಿಯುವ ಆಳಿಗೂ ಒಂದೇ ಊಟ ಬಡಿಸುತ್ತೇವೆಯೇ? ಇಲ್ಲ. ಗಿಡಕ್ಕೂ ವಯಸ್ಸು ನೋಡಿ ನೀರು ಕೊಡಬೇಕು.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1998ರಲ್ಲಿ ಬೆಳೆಗಳ ನೀರಿನ ಲೆಕ್ಕದ ಬಗ್ಗೆ ಒಂದು ಪುಸ್ತಕ ಹೊರತಂದಿತು. ಯಾವ ಬೆಳೆ ಯಾವ ವಯಸ್ಸಿನಲ್ಲಿ ಎಷ್ಟು ನೀರು ಬೇಡುತ್ತದೆ ಎಂದು ಅದರಲ್ಲಿ ಹೇಳಿದ್ದಾರೆ. ಅದರ ಪ್ರಕಾರ ಟೊಮೆಟೊ ಲೆಕ್ಕ ಹೀಗಿದೆ.

ನಾಟಿಯಾದ ಮೊದಲ ತಿಂಗಳು: ಬಿಸಿಲಿನ ಪಾಲಿನ 100ಕ್ಕೆ 60.
ಗಿಡ ತುಂಬಿ ಹೂ, ಕಾಯಿ ಇರುವಾಗ: 100ಕ್ಕೆ 115.
ಕೊನೆಯ ಕೊಯ್ಲಿನ ಹೊತ್ತಿಗೆ: 100ಕ್ಕೆ ಸುಮಾರು 80.

ಎರಡನೆಯ ತಿಂಗಳಲ್ಲಿ ಗಿಡ ಬೆಳೆದ ಹಾಗೆ 60ರಿಂದ 115ರ ಕಡೆಗೆ ಏರುತ್ತಾ ಹೋಗುತ್ತದೆ.

ಬೇಸಿಗೆಯಲ್ಲಿ ಬಿಸಿಲಿನ ಪಾಲು ಗುಂಟೆಗೆ 600 ಲೀಟರ್ ಎಂದೆವು. ಈಗ ಲೀಟರಿಗೆ ತಿರುಗಿಸೋಣ.

ಮೊದಲ ತಿಂಗಳು: ಗುಂಟೆಗೆ ದಿನಕ್ಕೆ 360 ಲೀಟರ್.
ಕಾಯಿ ಕಾಲ: 690 ಲೀಟರ್. ಸುಲಭಕ್ಕೆ 700 ಎನ್ನೋಣ.
ಕೊನೆಯಲ್ಲಿ: 480 ಲೀಟರ್.

ಸಾಲಿನಿಂದ ಸಾಲಿಗೆ 3 ಅಡಿ, ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಬಿಟ್ಟು ನಾಟಿ ಮಾಡಿದರೆ ಗುಂಟೆಗೆ ಸುಮಾರು 240 ಗಿಡ. 700 ಲೀಟರನ್ನು 240 ಗಿಡಕ್ಕೆ ಹಂಚಿ. ಕಾಯಿ ಕಾಲದಲ್ಲಿ ಒಂದು ಗಿಡ ದಿನಕ್ಕೆ ಸುಮಾರು 3 ಲೀಟರ್ ಕುಡಿಯುತ್ತದೆ. ನಾವು ಹೊರುವ 15 ಲೀಟರಿನ ಒಂದು ಕೊಡ ಐದೇ ಗಿಡಕ್ಕೆ ಸಾಕು!

ಬದನೆ, ಎಲೆಕೋಸು, ದಪ್ಪ ಮೆಣಸಿನಕಾಯಿ, ಬೀನ್ಸ್ ಇವು ತುಂಬಿ ಬೆಳೆದಾಗ 100ಕ್ಕೆ ಸುಮಾರು 105 ಬೇಡುತ್ತವೆ. ಟೊಮೆಟೊಗಿಂತ ಸ್ವಲ್ಪ ಕಡಿಮೆ. ಬೀನ್ಸ್ ಬೇಗ ಮುಗಿಯುವ ಬೆಳೆ. ಅದಕ್ಕೆ ನೀರು ಕೊಡಬೇಕಾದ ದಿನಗಳೂ ಕಡಿಮೆ.

ದಾರಿಯಲ್ಲಿ ಕಳೆಯುವ ನೀರು

ಬಾವಿಯಿಂದ ಮನೆಗೆ ಬರುವಷ್ಟರಲ್ಲಿ ಕೊಡದ ನೀರು ತುಳುಕುತ್ತದೆ. ಸಾಲಿನಲ್ಲಿ ನೀರು ಹಾಯಿಸುವಾಗಲೂ ಹಾಗೆ. ಸ್ವಲ್ಪ ನೀರು ಕಾಲುವೆಯಲ್ಲೇ ಇಂಗುತ್ತದೆ. ಸ್ವಲ್ಪ ಸಾಲಿನ ಕೊನೆಯಲ್ಲಿ ನಿಲ್ಲುತ್ತದೆ. ಸ್ವಲ್ಪ ಬೇರಿಗಿಂತ ಕೆಳಕ್ಕೆ ಇಳಿದುಬಿಡುತ್ತದೆ. ಸಾಲಿನಲ್ಲಿ ಹಾಯಿಸಿದ 10 ಕೊಡದಲ್ಲಿ ಬೇರಿಗೆ ಸಿಗುವುದು ಸುಮಾರು 6 ಕೊಡ. ಹನಿ ನೀರಾವರಿಯಲ್ಲಿ, ಅಂದರೆ ಡ್ರಿಪ್ಪಿನಲ್ಲಿ, ಪೈಪು ಸರಿಯಾಗಿದ್ದರೆ 10ರಲ್ಲಿ 9 ಕೊಡ ಸಿಗುತ್ತದೆ.

ಹಾಗಾದರೆ ಬೋರಿನಿಂದ ಎಷ್ಟು ಎತ್ತಬೇಕು? ಗಿಡಕ್ಕೆ ಬೇಕಾದ ಲೀಟರನ್ನು ಸಾಲಿನ ನೀರಾವರಿಯಾದರೆ 6ರಿಂದ ಭಾಗಿಸಿ, ಡ್ರಿಪ್ ಆದರೆ 9ರಿಂದ ಭಾಗಿಸಿ. ಬಂದದ್ದನ್ನು 10ರಿಂದ ಗುಣಿಸಿ.

ಸಾಲಿನಲ್ಲಿ, ಮೊದಲ ತಿಂಗಳು: 360 ÷ 6 = 60. 60 × 10 = 600 ಲೀಟರ್.
ಸಾಲಿನಲ್ಲಿ, ಕಾಯಿ ಕಾಲ: 700 ÷ 6 = 116 ಮತ್ತು ಚಿಲ್ಲರೆ. 10ರಿಂದ ಗುಣಿಸಿದರೆ ಸುಮಾರು 1,170. ನಾವು 1,200 ಲೀಟರ್ ಎಂದು ಹಿಡಿಯೋಣ.
ಡ್ರಿಪ್ಪಿನಲ್ಲಿ, ಕಾಯಿ ಕಾಲ: 700 ÷ 9 = ಸುಮಾರು 78. 10ರಿಂದ ಗುಣಿಸಿದರೆ 780. ನಾವು 800 ಲೀಟರ್ ಎಂದು ಹಿಡಿಯೋಣ.

ಇವು ಒಂದು ಗುಂಟೆಗೆ, ಒಂದು ದಿನಕ್ಕೆ, ಬೇಸಿಗೆಯಲ್ಲಿ.

ನಮ್ಮ ಬೋರು ಎಷ್ಟು ಕೊಡುತ್ತದೆ?

"ನಮ್ಮದು ಒಂದೂವರೆ ಇಂಚು ನೀರು, ಎರಡು ಇಂಚು ನೀರು" ಎನ್ನುತ್ತಾರೆ. ಅದು ಬೋರು ಕೊರೆದ ದಿನದ ಮಾತು. ಇವತ್ತು ಎಷ್ಟಿದೆ ಎಂದು ನಾವೇ ಅಳೆಯಬಹುದು.

ಬೇಕಾದದ್ದು: 200 ಲೀಟರಿನ ಒಂದು ಡ್ರಮ್ಮು, ಒಂದು ಗಡಿಯಾರ.

ಮೋಟಾರ್ ಹಾಕಿ. ಕೂಡಲೇ ಅಳೆಯಬೇಡಿ. ಮೊದಲು ಬರುವುದು ಬೋರಿನೊಳಗೆ ನಿಂತ ನೀರು. ಒಂದು ಗಂಟೆ ಓಡಲಿ. ಆಮೇಲೆ ಪೈಪನ್ನು ಡ್ರಮ್ಮಿಗೆ ಹಿಡಿಯಿರಿ. ತುಂಬಲು ಎಷ್ಟು ಹೊತ್ತು ಬೇಕಾಯಿತು ನೋಡಿ.

200 ಲೀಟರಿನ ಡ್ರಮ್ಮು 2 ನಿಮಿಷಕ್ಕೆ ತುಂಬಿತು ಎಂದುಕೊಳ್ಳಿ. ನಿಮಿಷಕ್ಕೆ 100 ಲೀಟರ್ ಆಯಿತು. ಗಂಟೆಗೆ 60 ನಿಮಿಷ. 100 × 60 = 6,000 ಲೀಟರ್. ದಿನಕ್ಕೆ 4 ಗಂಟೆ ಮೋಟಾರ್ ಓಡಿದರೆ 6,000 × 4 = 24,000 ಲೀಟರ್.

ಕರೆಂಟು ಎಷ್ಟು ಗಂಟೆ ಕೊಡುತ್ತೇವೆ ಎಂದು ಹೇಳಿದ್ದಾರೋ ಅದನ್ನು ಬರೆಯಬೇಡಿ. ನಿಜವಾಗಿ ಎಷ್ಟು ಗಂಟೆ ಮೋಟಾರ್ ಓಡಿತು, ಅದನ್ನು ಬರೆಯಿರಿ. ಒಂದು ವಾರ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದರೆ ಗೊತ್ತಾಗುತ್ತದೆ.

ಒಂದು ಮನೆಯ ಮಾತುಕತೆ

ಒಂದು ಮನೆ ಎಂದುಕೊಳ್ಳೋಣ. ಅತ್ತೆ, ಮಗ, ಸೊಸೆ. ಒಂದು ಎಕರೆ, ಅಂದರೆ 40 ಗುಂಟೆ ಜಮೀನು. ಸಾಲಿನಲ್ಲಿ ನೀರು ಹಾಯಿಸುತ್ತಾರೆ. ಬೋರಿನ ನೀರು ಮೇಲೆ ಹೇಳಿದಷ್ಟೇ. ಫೆಬ್ರವರಿ ಕೊನೆಗೆ ನಾಟಿ.

ಮಗ: ಹೋದ ವರ್ಷ ಬೇಸಿಗೆಯಲ್ಲಿ ಒಳ್ಳೆ ರೇಟಿತ್ತು. ಈ ಸಲ ಪೂರ್ತಿ ಒಂದು ಎಕರೆ ಟೊಮೆಟೊ ಹಾಕೋಣ. ನರ್ಸರಿಯಲ್ಲಿ ಸಸಿಗೆ ಹೇಳಿದ್ದೀನಿ.

ಅತ್ತೆ: ನೀರು ಸಾಕಾಗುತ್ತೇನಪ್ಪಾ?

ಮಗ: ಸಾಕಾಗುತ್ತಮ್ಮ. ನಾಲ್ಕು ಗಂಟೆ ಮೋಟಾರ್ ಓಡುತ್ತೆ. ಒಂದು ಸುತ್ತು ಎಕರೆಗೆಲ್ಲ ಬರುತ್ತೆ.

ಸೊಸೆ: ನಾನು ನಿನ್ನೆ ಡ್ರಮ್ಮು ಇಟ್ಟು ಅಳೆದೆ ರೀ. ದಿನಕ್ಕೆ 24,000 ಲೀಟರ್ ಬರುತ್ತೆ. ಮೊದಲ ತಿಂಗಳು ಗುಂಟೆಗೆ 600 ಲೀಟರ್ ಬೇಕು.

ಮಗ: 24,000ಕ್ಕೆ 600ರ ಹಾಗೆ ಅಂದ್ರೆ 40 ಗುಂಟೆ. ನೋಡು, ನಾನು ಹೇಳಿದ್ದೇ ಸರಿಯಾಯ್ತು. ಸರಿಯಾಗಿ ಒಂದು ಎಕರೆ!

ಸೊಸೆ: ನಾಟಿಗೆ ಸಾಕು ರೀ. ಕಾಯಿಗೆ ಸಾಲಲ್ಲ. ಕಾಯಿ ಬಿಡೋ ಹೊತ್ತಿಗೆ ಗುಂಟೆಗೆ 1,200 ಲೀಟರ್ ಬೇಕು. ಆಗ ಇದೇ ನೀರು 20 ಗುಂಟೆಗಷ್ಟೇ.

ಅತ್ತೆ: ಕೂಸಿನ ಹೊಟ್ಟೆ ನೋಡಿ ದಿನಸಿ ತಂದಂಗಾಯ್ತು.

ಮಗ: ಅರ್ಧ ನೀರು ಕೊಟ್ಟರೆ ಅರ್ಧ ಬೆಳೆಯಾದ್ರೂ ಬರುತ್ತಲ್ಲ?

ಸೊಸೆ: ಹಾಗೆ ಬರಲ್ಲ ರೀ. ನೀರು ಕಡಿಮೆಯಾದ್ರೆ ಹೂವು ಉದುರುತ್ತೆ. ಕಾಯಿ ಸಣ್ಣದಾಗುತ್ತೆ. ಕಾಯಿ ತುದಿ ಕಪ್ಪಾಗಿ ಕೊಳೆಯುತ್ತೆ. ಒಣಗಿಸಿ ಒಣಗಿಸಿ ಒಂದೇ ಸಲ ನೀರು ಬಿಟ್ರೆ ಹಣ್ಣು ಬಿರಿಯುತ್ತೆ. ಅಂಥ ಹಣ್ಣನ್ನ ಬಾಕ್ಸಿಗೆ ತುಂಬೋಕಾಗುತ್ತಾ? ಅಷ್ಟು ಹೊತ್ತಿಗೆ ಕೋಲು, ದಾರ, ಗೊಬ್ಬರ, ಔಷಧಿ ಎಲ್ಲದಕ್ಕೂ ಒಂದು ಎಕರೆಯ ದುಡ್ಡು ಹೋಗಿರುತ್ತೆ. ಸಂಘದ ಸಾಲ ನನ್ನ ಹೆಸರಲ್ಲಿದೆ. ವಾರ ವಾರ ಕಟ್ಟೋಳು ನಾನು.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಅತ್ತೆ: ಏಪ್ರಿಲ್‌ನಲ್ಲಿ ಬೋರು ಇಷ್ಟೇ ನೀರು ಕೊಡುತ್ತೆ ಅಂತ ಏನು ಗ್ಯಾರಂಟಿ? ಹಸುಗಳಿಗೂ ಅದೇ ನೀರು.

ಸೊಸೆ: ಅದಕ್ಕೇ ನಾಲ್ಕರಲ್ಲಿ ಒಂದು ಪಾಲು ಪಕ್ಕಕ್ಕೆ ಇಡೋಣ ಅತ್ತೆ. 24,000ದಲ್ಲಿ 6,000 ಬಿಟ್ರೆ 18,000. ಅದನ್ನ 1,200ರಿಂದ ಭಾಗಿಸಿದ್ರೆ 15 ಗುಂಟೆ.

ಮಗ: ಒಂದು ಎಕರೆ ಎಲ್ಲಿ, 15 ಗುಂಟೆ ಎಲ್ಲಿ!

ಅತ್ತೆ: ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲಪ್ಪ. ಉಳಿದ ನೆಲ ಎಲ್ಲೂ ಹೋಗಲ್ಲ. ಉತ್ತು ಬಿಡೋಣ. ಮಳೆ ಬಂದ್ರೆ ರಾಗಿ ಹಾಕೋಣ.

ಮಗ: ನಾನೂ ಒಂದು ಸಲ ಡ್ರಮ್ಮು ಇಟ್ಟು ನೋಡ್ತೀನಿ.

ಮಾರನೆಯ ದಿನ ನೋಡಿದ. ಅದೇ 2 ನಿಮಿಷ. ನರ್ಸರಿಗೆ ಫೋನು ಹೋಯಿತು. 9,600 ಸಸಿ ಬೇಡ, 3,600 ಸಾಕು.

ಟೊಮೆಟೊ ರೇಟು ಯಾರ ಕೈಯಲ್ಲೂ ಇಲ್ಲ. ಒಂದು ವಾರ ಏರುತ್ತದೆ, ಇನ್ನೊಂದು ವಾರ ಇಳಿಯುತ್ತದೆ. ಆದರೆ ಎಷ್ಟು ಗಿಡ ನೆಡಬೇಕು ಎನ್ನುವುದು ಮನೆಯವರ ಕೈಯಲ್ಲೇ ಇದೆ. ಈ ಮನೆಯವರು ಅದನ್ನು ಕೈಯಲ್ಲಿ ಇಟ್ಟುಕೊಂಡರು.

ಈ ಮಾತುಕತೆಯಲ್ಲಿ ಮಗನ ಲೆಕ್ಕ ಸುಳ್ಳಲ್ಲ. ನಾಟಿಯ ದಿನ ಒಂದು ಎಕರೆಗೆ ನೀರು ನಿಜವಾಗಿ ಸಾಕಾಗುತ್ತದೆ. ಹಾಗಾಗಿಯೇ ಹೆಚ್ಚು ಜನ ಮೋಸ ಹೋಗುವುದು. ಚಳಿ ಇನ್ನೂ ಇರುವಾಗ ನಾಟಿ ಮಾಡಿದರೆ ನೀರು ಇನ್ನೂ ಹೆಚ್ಚಾಗಿ ಉಳಿದಂತೆ ಕಾಣುತ್ತದೆ. ಗಿಡ ದೊಡ್ಡದಾಗುವುದು, ಬಿಸಿಲು ಏರುವುದು, ಬೋರು ಇಳಿಯುವುದು ಮೂರೂ ಒಂದೇ ಸಲ ಬರುತ್ತವೆ. ಆದ್ದರಿಂದ ನಾಟಿಯ ದಿನದ ನೀರು ನೋಡಿ ನಾಟಿ ಮಾಡಬೇಡಿ. ಕಾಯಿ ಕಾಲದ ನೀರು ನೋಡಿ ನಾಟಿ ಮಾಡಿ.

ಇದೇ ಮನೆಯಲ್ಲಿ ಡ್ರಿಪ್ ಇದ್ದಿದ್ದರೆ? 18,000ವನ್ನು 800ರಿಂದ ಭಾಗಿಸಿ. ಸುಮಾರು 22 ಗುಂಟೆ. ಅದೇ ನೀರು, 7 ಗುಂಟೆ ಹೆಚ್ಚು.

ನಿಮಿಷದ ಲೆಕ್ಕ

ನೀರು ಕಟ್ಟುವಾಗ ಲೀಟರ್ ಕಣ್ಣಿಗೆ ಕಾಣುವುದಿಲ್ಲ. ನಿಮಿಷ ಕಾಣುತ್ತದೆ. ನಿಮಿಷಕ್ಕೆ 100 ಲೀಟರ್ ಬರುವ ಬೋರಿನಲ್ಲಿ 1,200 ಲೀಟರ್ ಎಂದರೆ 12 ನಿಮಿಷ. ಒಂದು ಗುಂಟೆಗೆ 12 ನಿಮಿಷ ನೀರು ಬಿಟ್ಟು ಮುಂದಿನ ಗುಂಟೆಗೆ ತಿರುಗಿಸಿ. ಮೊದಲ ತಿಂಗಳಾದರೆ 6 ನಿಮಿಷ ಸಾಕು. ದಿನ ಬಿಟ್ಟು ದಿನ ಕಟ್ಟುವುದಾದರೆ ಎರಡರಷ್ಟು ಹೊತ್ತು ಬಿಡಿ.

ಎಷ್ಟೋ ಊರಿನಲ್ಲಿ ತ್ರೀ ಫೇಸ್ ಕರೆಂಟು ರಾತ್ರಿ ಬರುತ್ತದೆ. ಆಟೋ ಸ್ಟಾರ್ಟರ್ ಹಾಕಿ ಮಲಗಿಬಿಡುತ್ತೇವೆ. ಬೆಳಿಗ್ಗೆ ನೋಡಿದರೆ ಒಂದು ಕಡೆ ಕೆಸರು, ಇನ್ನೊಂದು ಕಡೆ ಒಣ ನೆಲ. ಕೆಸರಾದ ಕಡೆ ಗಿಡಕ್ಕೆ ಒಳ್ಳೆಯದಾಯಿತು ಎಂದುಕೊಳ್ಳಬೇಡಿ. ಬೇರಿಗೂ ಗಾಳಿ ಬೇಕು. ನೀರು ನಿಂತರೆ ಬೇರು ಕೊಳೆಯುತ್ತದೆ. ದುಡ್ಡು ಕೊಟ್ಟು ಹಾಕಿದ ಗೊಬ್ಬರ ನೀರಿನ ಜೊತೆ ಕೆಳಗೆ ಇಳಿದುಹೋಗುತ್ತದೆ.

ಮಣ್ಣನ್ನೂ ಕೇಳಿ, ಮಳೆಯನ್ನೂ ಎಣಿಸಿ

ಲೆಕ್ಕ ಸರಿಯಾಗಿದೆಯೇ ಎಂದು ಮಣ್ಣು ಹೇಳುತ್ತದೆ. ಮೇಲಿನ ಮಣ್ಣು ನೋಡಿ ತೀರ್ಮಾನ ಮಾಡಬೇಡಿ. ಗಿಡದ ಪಕ್ಕ ಒಂದು ಗೇಣು ಆಳಕ್ಕೆ ತೋಡಿ. ಆ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಅದುಮಿ. ಉಂಡೆಯಾಗಿ ನಿಂತರೆ ಹದ ಇದೆ. ಪುಡಿಪುಡಿಯಾಗಿ ಉದುರಿದರೆ ನೀರು ಬೇಕು. ಬೆರಳಿನ ಸಂದಿಯಲ್ಲಿ ನೀರು ಜಿನುಗಿದರೆ ಹೆಚ್ಚಾಗಿದೆ.

ಮರಳು ಮಿಶ್ರಿತ ಕೆಂಪು ಮಣ್ಣು ಹೆಚ್ಚು ನೀರು ಹಿಡಿದುಕೊಳ್ಳುವುದಿಲ್ಲ. ಅದಕ್ಕೆ ಸ್ವಲ್ಪ ಸ್ವಲ್ಪವಾಗಿ ಬೇಗ ಬೇಗ ಕೊಡಬೇಕು. ಎರೆ ಮಣ್ಣು ಹೆಚ್ಚು ಹಿಡಿದುಕೊಳ್ಳುತ್ತದೆ. ಅಲ್ಲಿ ಹೆಚ್ಚು ದಿನ ಬಿಟ್ಟು ಕೊಡಬಹುದು.

ಮಳೆ ಬಂದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಬಯಲಿನಲ್ಲಿ ನೆಟ್ಟಗಿನ ಗೋಡೆಯ ಒಂದು ಡಬ್ಬ ಇಡಿ. ಮಳೆ ನಿಂತ ಮೇಲೆ ಸ್ಕೇಲ್ ಇಳಿಸಿ ನೋಡಿ. 15 ಮಿಲಿಮೀಟರ್ ನಿಂತಿದ್ದರೆ ಗುಂಟೆಗೆ 1,500 ಲೀಟರ್ ಬಿದ್ದಿದೆ. ಜೋರು ಮಳೆಯಲ್ಲಿ ಅರ್ಧ ಹರಿದುಹೋಯಿತು ಎಂದುಕೊಳ್ಳಿ. ಉಳಿದದ್ದು 750 ಲೀಟರ್. ಕಾಯಿ ಕಾಲದ ಗಿಡಕ್ಕೆ ಅದು ಒಂದೇ ದಿನದ ಊಟ. ಒಂದು ಮಳೆ ಬಂತು ಎಂದು ವಾರವಿಡೀ ನೀರು ನಿಲ್ಲಿಸಬೇಡಿ. ನೆಲದ ಧೂಳು ಮಾತ್ರ ಅಡಗಿಸುವ ತುಂತುರು ಮಳೆಯನ್ನು ಲೆಕ್ಕಕ್ಕೇ ಹಿಡಿಯಬೇಡಿ.

ಇದ್ದ ನೀರನ್ನು ಉಳಿಸಲು

ಗಿಡದ ಬುಡಕ್ಕೆ ಹೊಂಗೆ ಎಲೆ, ಒಣ ಎಲೆ, ಬೀಜ ಕಟ್ಟುವ ಮುಂಚೆ ಕಿತ್ತ ಕಳೆ ಹೊದಿಸಿ. ಮಣ್ಣಿನಿಂದ ಆರುವ ನೀರು ಕಡಿಮೆಯಾಗುತ್ತದೆ. ಕಳೆ ಕೀಳಿ. ಕಳೆಯೂ ನಮ್ಮ ಬೋರಿನ ನೀರನ್ನೇ ಕುಡಿಯುತ್ತದೆ. ಕಾಲುವೆ ಉದ್ದವಾಗಿದ್ದರೆ ಪೈಪು ಹಾಕಿ. ನಡು ಮಧ್ಯಾಹ್ನ ಬಿಟ್ಟು ಬೆಳಿಗ್ಗೆ ಅಥವಾ ಸಂಜೆ ನೀರು ಕಟ್ಟಿ.

ಡ್ರಿಪ್ ಹಾಕಿಸಲು ತೋಟಗಾರಿಕೆ ಇಲಾಖೆಯಲ್ಲಿ ಸಹಾಯಧನ ಇದೆ. ಎಷ್ಟು ಸಿಗುತ್ತದೆ, ಯಾವ ಕಾಗದ ಬೇಕು ಎಂದು ತಾಲ್ಲೂಕಿನ ತೋಟಗಾರಿಕೆ ಕಚೇರಿಗೆ ಹೋಗಿ ಕೇಳಿ. ಬೆಳೆಯ ಬಗ್ಗೆ ಅನುಮಾನ ಇದ್ದರೆ ಹೋಬಳಿಯ ರೈತ ಸಂಪರ್ಕ ಕೇಂದ್ರ, ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ ಇವೆ. ಕೋಲಾರದ ಕೇಂದ್ರ ಟಮಕದಲ್ಲಿದೆ. 2004ರಲ್ಲಿ ಶುರುವಾದ ಕಿಸಾನ್ ಕಾಲ್ ಸೆಂಟರಿಗೆ ಫೋನು ಮಾಡಿಯೂ ಕೇಳಬಹುದು. ಅದರ ನಂಬರ್ 1800-180-1551. ಕನ್ನಡದಲ್ಲೇ ಮಾತಾಡಬಹುದು. ದುಡ್ಡು ಬೀಳುವುದಿಲ್ಲ. ಹೋಗುವಾಗ ನಿಮ್ಮ ಲೆಕ್ಕದ ಪುಸ್ತಕ ಜೊತೆಗಿರಲಿ. "ನೀರು ಸಾಲಲ್ಲ" ಎನ್ನುವ ಮಾತಿಗಿಂತ "ದಿನಕ್ಕೆ 18,000 ಲೀಟರ್ ಇದೆ, 15 ಗುಂಟೆ ಟೊಮೆಟೊ ಇದೆ" ಎನ್ನುವ ಮಾತಿಗೆ ಬೇಗ ಉತ್ತರ ಸಿಗುತ್ತದೆ.

ನೆನಪಿಡಿ

1. ಗುಂಟೆಗೆ 1 ಮಿಲಿಮೀಟರ್ ನೀರು ಎಂದರೆ 100 ಲೀಟರ್.
2. ಬೇಸಿಗೆ ಟೊಮೆಟೊಗೆ ಕಾಯಿ ಕಾಲದಲ್ಲಿ ಗುಂಟೆಗೆ ದಿನಕ್ಕೆ ಸಾಲಿನಲ್ಲಿ 1,200 ಲೀಟರ್, ಡ್ರಿಪ್ಪಿನಲ್ಲಿ 800 ಲೀಟರ್.
3. ಬೋರನ್ನು ಒಂದು ಗಂಟೆ ಓಡಿಸಿ ಆಮೇಲೆ ಅಳೆಯಿರಿ. ತಿಂಗಳಿಗೊಮ್ಮೆ ಅಳೆಯಿರಿ.
4. ನಾಲ್ಕರಲ್ಲಿ ಒಂದು ಪಾಲು ನೀರನ್ನು ಪಕ್ಕಕ್ಕೆ ಇಟ್ಟು ಲೆಕ್ಕ ಹಾಕಿ.
5. ಕಾಯಿ ಕಾಲದ ನೀರು ನೋಡಿ ನಾಟಿ ಮಾಡಿ.

ಲೆಕ್ಕ ಮಾಡಿ

1. 200 ಲೀಟರಿನ ಡ್ರಮ್ಮು ತುಂಬಲು 4 ನಿಮಿಷ ಬೇಕು. ಗಂಟೆಗೆ ಎಷ್ಟು ಲೀಟರ್?
2. ಈ ಬೋರು ದಿನಕ್ಕೆ 4 ಗಂಟೆ ಓಡುತ್ತದೆ. ಒಟ್ಟು ಎಷ್ಟು ಲೀಟರ್? ನಾಲ್ಕರಲ್ಲಿ ಒಂದು ಪಾಲು ಪಕ್ಕಕ್ಕೆ ಇಟ್ಟರೆ ಉಳಿಯುವುದೆಷ್ಟು?
3. ಉಳಿದ ನೀರಿನಲ್ಲಿ ಬೇಸಿಗೆ ಟೊಮೆಟೊ ಎಷ್ಟು ಗುಂಟೆ ಹಾಕಬಹುದು? ಸಾಲಿನಲ್ಲಿ ಎಷ್ಟು? ಡ್ರಿಪ್ಪಿನಲ್ಲಿ ಎಷ್ಟು?

ಉತ್ತರ: 1) 3,000 ಲೀಟರ್. 2) 12,000 ಲೀಟರ್, ಉಳಿಯುವುದು 9,000 ಲೀಟರ್. 3) ಸಾಲಿನಲ್ಲಿ ಏಳೂವರೆ ಗುಂಟೆ, ಡ್ರಿಪ್ಪಿನಲ್ಲಿ ಸುಮಾರು 11 ಗುಂಟೆ.

ನಿಮ್ಮ ಮನೆಯ ಲೆಕ್ಕ ಬರೆಯಿರಿ

ಡ್ರಮ್ಮು ತುಂಬಿದ ಹೊತ್ತು: ........ ನಿಮಿಷ
ಮೋಟಾರ್ ಓಡುವುದು: ದಿನಕ್ಕೆ ........ ಗಂಟೆ
ದಿನಕ್ಕೆ ಸಿಗುವ ನೀರು: ........ ಲೀಟರ್
ಪಕ್ಕಕ್ಕೆ ಇಟ್ಟು ಉಳಿದದ್ದು: ........ ಲೀಟರ್
ಹಾಕಬಹುದಾದ ಟೊಮೆಟೊ: ........ ಗುಂಟೆ

ಕಲಿಕಾ ಕೇಂದ್ರದಲ್ಲಿ ಚರ್ಚಿಸಿ

ನಿಮ್ಮ ಮನೆಯಲ್ಲಿ ಎಷ್ಟು ಗುಂಟೆ ನಾಟಿ ಎಂದು ಯಾರು ತೀರ್ಮಾನ ಮಾಡುತ್ತಾರೆ? ನೀರು ಕಟ್ಟುವವರು ಯಾರು? ಸಾಲ ಯಾರ ಹೆಸರಿನಲ್ಲಿದೆ? ಮುಂದಿನ ನಾಟಿಗೆ ಮುಂಚೆ ಈ ಲೆಕ್ಕವನ್ನು ಮನೆಯವರ ಮುಂದೆ ಇಡುವುದು ಹೇಗೆ?

ಪದಗಳ ಅರ್ಥ

ಆವಿ: ಬಿಸಿಲಿಗೆ ನೀರು ಗಾಳಿಯಲ್ಲಿ ಸೇರಿಹೋಗುವ ರೂಪ
ಅಂದಾಜು: ಹತ್ತಿರ ಹತ್ತಿರದ ಲೆಕ್ಕ
ಹದ: ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ, ತಕ್ಕಷ್ಟು
ಸಹಾಯಧನ: ಸರ್ಕಾರ ಕೊಡುವ ಹಣದ ನೆರವು, ಸಬ್ಸಿಡಿ